ಮುಟ್ಟಬ್ಯಾಡ ಅನ್ನೋ ಬಣ್ಣ

ತೊಗರಿ ಹೂ ಬಿಡುವ ಹೊತ್ತಿಗೆ ಕಲಬುರಗಿ ಕಡೆಯ ಹೊಲಗಳಲ್ಲಿ ಒಂದು ದುಂಬಿ ಕಾಣಿಸುತ್ತದೆ. ಕಪ್ಪು ಮೈ, ಬೆನ್ನ ಮೇಲೆ ಅಡ್ಡಡ್ಡ ಕೆಂಪು-ಕಿತ್ತಳೆ ಪಟ್ಟಿ, ಹೆಚ್ಚುಕಮ್ಮಿ ಒಂದು ಇಂಚು ಉದ್ದ. ಅವಸರ ಅನ್ನೋದೇ ಇಲ್ಲ ಅದಕ್ಕೆ. ಹಾಡುಹಗಲಲ್ಲಿ ಹಳದಿ ಹೂವಿನ ಮೇಲೆ ಕೂತು ಆರಾಮಾಗಿ ಎಸಳು ತಿನ್ನುತ್ತಿರುತ್ತದೆ. ಇಂಗ್ಲಿಷಿನಲ್ಲಿ ಅದು ಬ್ಲಿಸ್ಟರ್ ಬೀಟಲ್. ನನ್ನ ಸೋದರಮಾವನಿಗೆ ಬರೀ ‘ಹೂವಿನ ಹುಳ’. ಹೂವೇ ಹೋದರೆ ಕಾಯಿ ಎಲ್ಲಿಂದ ಬರಬೇಕು? ಅದಕ್ಕೇ ಅದರ ಹೆಸರೆತ್ತಿದರೆ ಅವರಿಗೆ ಸಿಟ್ಟು.

ಕಳೆದ ವರ್ಷ ದೀಪಾವಳಿ ರಜೆಗೆ ಚಿತ್ತಾಪುರ ತಾಲ್ಲೂಕಿನ ಅವರ ಊರಿಗೆ ಹೋಗಿದ್ದೆ. ಚಿಟ್ಟೆ ಫೋಟೋ ತೆಗೆಯೋ ಹುಚ್ಚು ನನಗೆ, ಕ್ಯಾಮೆರಾ ಜೊತೆಗಿತ್ತು. ಒಳಗೆ ಕಾಲಿಡುವಷ್ಟರಲ್ಲೇ ಮಾವನ ಮೊಮ್ಮಗಳು ಓಡಿಬಂದು ಅಂಗಿ ತೋಳು ಮೇಲೆತ್ತಿ ತೋರಿಸಿದಳು. ಮುಂಗೈ ಮೇಲೆ ನೀರು ತುಂಬಿದ ಉದ್ದನೆಯ ಗುಳ್ಳೆ. ಹಿಂದಿನ ಸಂಜೆ ಹೊಲದಲ್ಲಿ ಹುಳ ಕೈ ಮೇಲೆ ಕೂತಿದೆ, ಇವಳು ಒರೆಸಿ ಹಾಕಿದ್ದಾಳೆ. ಆಗ ಏನೂ ಆಗಿಲ್ಲ. ಬೆಳಗ್ಗೆ ಎದ್ದರೆ ಬೊಬ್ಬೆ.

‘ಕಡದೇ ಇಲ್ಲ ಮಾಮಾ, ಸುಮ್ನೆ ಕುಂತಿತ್ತು ಅಷ್ಟ!’

ಅವಳು ಹೇಳಿದ್ದು ಸರಿ. ಇದು ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಹಿಡಿದರೆ ಅಥವಾ ಒತ್ತಿದರೆ ಕಾಲಿನ ಕೀಲುಗಳಿಂದ ಹಳದಿ ದ್ರವ ಒಸರುತ್ತದೆ. ಅದರಲ್ಲಿರುವ ವಿಷದ ಹೆಸರು ಕ್ಯಾಂಥರಿಡಿನ್. ಚರ್ಮಕ್ಕೆ ತಾಗಿದರೆ ಗುಳ್ಳೆ, ಹೊಟ್ಟೆಗೆ ಹೋದರೆ ಇನ್ನೂ ಅಪಾಯ. ಬೆಳೆದ ದುಂಬಿಗಳಲ್ಲಿ ಈ ವಿಷ ತಯಾರಿಸೋದು ಗಂಡು. ಕೂಡುವಾಗ ಅದನ್ನು ಹೆಣ್ಣಿಗೆ ದಾಟಿಸುತ್ತದೆ, ಹೆಣ್ಣಿನಿಂದ ಅದು ಮೊಟ್ಟೆಗಳಿಗೂ ಸೇರುತ್ತದೆ. ಮರಿಗೆ ಹುಟ್ಟುವ ಮೊದಲೇ ಕಾವಲು.

ಮುಲಾಮು ಹಚ್ಚಿದ ಕೈ ಮುಚ್ಚುವ ಹಾಗೆ ಉದ್ದ ತೋಳಿನ ಅಂಗಿ ಹಾಕಿಕೊಂಡು ಅವಳೂ ನಮ್ಮ ಜೊತೆ ಹೊಲಕ್ಕೆ ಹೊರಟಳು. ಆಮೇಲೆ ನನ್ನ ಕ್ಯಾಮೆರಾ ಚಿಟ್ಟೆಗಿಂತ ಜಾಸ್ತಿ ಅವಳ ಹಿಂದೆಯೇ ಇತ್ತು ಅನ್ನಬೇಕು. ಬದುವಿನ ಎಕ್ಕದ ಗಿಡದ ಮೇಲೆ ಕೆಂಪು-ಕಪ್ಪು ತಿಗಣೆಗಳ ಗುಂಪಿತ್ತು. ಎಕ್ಕದ ಬೀಜದ ರಸ ಹೀರಿ, ಆ ಗಿಡದ ವಿಷವನ್ನೇ ಮೈಯಲ್ಲಿ ಕೂಡಿಟ್ಟುಕೊಳ್ಳುವ ಜಾತಿ ಅದು. ದುಂಬಿಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಇವಳು ದೂರದಲ್ಲೇ ನಿಂತು, ‘ಇದೂ ಅದೇ ಹುಳ, ಮುಟ್ಟಬ್ಯಾಡ’ ಅಂದಳು. ಬೆಂಡೆ ಗಿಡದ ಮೇಲಿದ್ದ ಕೆಂಪು ಹತ್ತಿ ತಿಗಣೆಗೂ ಅದೇ ಮಾತು. ಗುಲಗಂಜಿ ಹುಳಕ್ಕೂ ಅದೇ. ಅದು ಏನೂ ಮಾಡಲ್ಲ ಕಣೆ ಅಂತ ನನ್ನ ಅಂಗೈ ಮೇಲೆ ಬಿಟ್ಟುಕೊಂಡು ತೋರಿಸಿದೆ. ಕೇಳಬೇಕಲ್ಲ!

ಹಕ್ಕಿ ಮಾಡೋದೂ ಇದನ್ನೇ. ಒಂದು ಹುಳ ಕಲಿಸಿದ ಪಾಠದಿಂದ ಉಳಿದವೆಲ್ಲ ಬಚಾವ್.

ಇದನ್ನು ಲೆಕ್ಕ ಹಾಕಿ ತೋರಿಸಿದವನು ಜೀವವಿಜ್ಞಾನಿ ಫ್ರಿಟ್ಜ್ ಮುಲ್ಲರ್. ಜರ್ಮನಿಯಲ್ಲಿ ಹುಟ್ಟಿ, 1852ರಲ್ಲಿ ಬ್ರೆಜಿಲ್‌ಗೆ ಹೋಗಿ, ಬ್ಲೂಮೆನೌ ಅನ್ನೋ ವಲಸಿಗರ ಊರಿನಲ್ಲಿ ನೆಲೆಸಿದವನು. ಅವನಿಗಿಂತ ಮೊದಲು, 1862ರಲ್ಲಿ, ಅಮೆಜಾನ್ ಕಾಡಿನಲ್ಲಿ 11 ವರ್ಷ ಅಲೆದಿದ್ದ ಹೆನ್ರಿ ಬೇಟ್ಸ್ ಒಂದು ವಿಷಯ ಬಿಡಿಸಿಟ್ಟಿದ್ದ. ರುಚಿಯಾದ ಚಿಟ್ಟೆ ಕಹಿ ಚಿಟ್ಟೆಯ ವೇಷ ಹಾಕಿ ಹಕ್ಕಿಗೆ ಮೋಸ ಮಾಡುತ್ತದೆ. ಅದು ಅರ್ಥವಾಗುತ್ತದೆ. ಆದರೆ ಕಹಿ ಚಿಟ್ಟೆಗಳೇ ಒಂದನ್ನೊಂದು ಹೋಲುತ್ತವಲ್ಲ, ಅವಕ್ಕೆ ಏನು ಲಾಭ? ಇಬ್ಬರ ಹತ್ತಿರವೂ ವಿಷ ಇದೆ. ಬೇಟ್ಸ್‌ಗೆ ಇದು ಬಗೆಹರಿಯಲಿಲ್ಲ. 1878-79ರಲ್ಲಿ ಮುಲ್ಲರ್ ಉತ್ತರ ಕೊಟ್ಟ.

ಮಧ್ಯಾಹ್ನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದಾಗ ಮಾವನಿಗೆ ಅವನ ಲೆಕ್ಕ ಹೇಳಿದೆ. ಹಕ್ಕಿಗೆ ಹುಟ್ಟುತ್ತಲೇ ಬುದ್ಧಿ ಇರಲ್ಲ, ಕಚ್ಚಿ ನೋಡಿಯೇ ಕಲೀಬೇಕು. ಒಂದು ಪ್ರದೇಶದ ಹಕ್ಕಿಗಳೆಲ್ಲ ಪಾಠ ಕಲಿಯಲು ಒಂದು ಬೇಸಿಗೆಗೆ 1,200 ಚಿಟ್ಟೆ ಸಾಯಬೇಕು ಅಂತ ಇಟ್ಟುಕೊಳ್ಳಿ. ಒಂದು ಜಾತಿಯವು 10,000 ಇವೆ, ಇನ್ನೊಂದು ಜಾತಿಯವು 2,000. ಬೇರೆ ಬೇರೆ ಬಣ್ಣ ಇದ್ದರೆ ಎರಡೂ ಕಡೆ 1,200 ಸಾಯುತ್ತವೆ. ಒಂದೇ ಬಣ್ಣ ಇದ್ದರೆ ಎರಡೂ ಸೇರಿ 1,200. ದೊಡ್ಡ ಗುಂಪಿನಿಂದ 1,000, ಸಣ್ಣದರಿಂದ 200.

ಮಾವ ಪುಂಡಿಪಲ್ಯದಲ್ಲಿ ರೊಟ್ಟಿ ಅದ್ದುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನಂದು ಹತ್ತು ಎಕರೆ, ಬಾಜೂದವಂದು ಎರಡು ಎಕರೆ ಅನ್ನು. ಜಿಂಕಿ ಕಾಯಾಕ ಇಬ್ಬರೂ ಬ್ಯಾರೆ ಬ್ಯಾರೆ ಆಳ ಇಟ್ರ ಇಬ್ಬರಿಗೂ ಹನ್ನೆರಡ ನೂರು ಖರ್ಚು. ಕೂಡಿ ಒಬ್ಬನ್ನ ಇಟ್ರ ಎಕರೆ ಲೆಕ್ಕದಾಗ ನನಗ ಸಾವಿರ, ಅವನಿಗ ಎರಡ ನೂರು. ಲಾಭ ಅವಂದೇ ನೋಡಪಾ’ ಅಂದರು.

ಇಷ್ಟು ಚೆನ್ನಾಗಿ ನಾನು ಹೇಳಿರಲಿಲ್ಲ. ಒಂದೇ ಬಣ್ಣದಿಂದ ದೊಡ್ಡ ಗುಂಪಿನಲ್ಲಿ ನೂರಕ್ಕೆ 2 ಹೆಚ್ಚುವರಿಯಾಗಿ ಉಳಿದರೆ, ಸಣ್ಣ ಗುಂಪಿನಲ್ಲಿ ನೂರಕ್ಕೆ 50. ಅಂದರೆ 25 ಪಟ್ಟು. ಹಾಗಾಗಿ ಸಣ್ಣ ಗುಂಪಿನಲ್ಲಿ ಯಾವುದಕ್ಕೆ ಅಕಸ್ಮಾತ್ ದೊಡ್ಡ ಗುಂಪಿನ ಬಣ್ಣ ಸ್ವಲ್ಪ ಬಂತೋ, ಅದು ಉಳಿದು ಮರಿ ಮಾಡುತ್ತದೆ. ತಲೆಮಾರು ಕಳೆದಂತೆ ಹೋಲಿಕೆ ಗಟ್ಟಿಯಾಗುತ್ತದೆ. ಯಾವ ಚಿಟ್ಟೆಯೂ ಕೂತು ಯೋಚನೆ ಮಾಡಿದ್ದಲ್ಲ.

ಹೋಲುವುದೆಲ್ಲ ಹೀಗೇ ಬಂದದ್ದು ಅಂತಲೂ ಅಲ್ಲ. ಹಸಿರಿನ ಮೇಲೆ ಕೆಂಪು-ಕಪ್ಪು ಎದ್ದು ಕಾಣುತ್ತದೆ, ಹಾಗಾಗಿ ಬೇರೆ ಬೇರೆ ಹುಳಗಳು ತಮ್ಮ ಪಾಡಿಗೆ ತಾವು ಆ ಬಣ್ಣಕ್ಕೆ ಬಂದಿರಬಹುದು. ಅಣ್ಣತಮ್ಮಂದಿರ ಮುಖ ಒಂದೇ ಥರ ಇದ್ದರೆ ಅದರಲ್ಲಿ ವಿಶೇಷವೇನೂ ಇಲ್ಲ, ಅಲ್ವಾ? ಮುಲ್ಲರ್ ಜಾಣ. ಅವನು ಆರಿಸಿಕೊಂಡ ಇಟೂನಾ ಮತ್ತು ಥೈರಿಡಿಯಾ ಚಿಟ್ಟೆಗಳು ಹತ್ತಿರದ ನೆಂಟರಲ್ಲ. ಆದರೂ ಎರಡಕ್ಕೂ ಒಂದೇ ಥರದ ಪಾರದರ್ಶಕ ರೆಕ್ಕೆ.

ನಮ್ಮ ಬದುವಿನ ಮೇಲೂ ಒಂದು ಜೋಡಿ ಇತ್ತು. ಪ್ಲೇನ್ ಟೈಗರ್ ಮತ್ತು ಸ್ಟ್ರೈಪ್ಡ್ ಟೈಗರ್. ಎರಡೂ ಕಿತ್ತಳೆ, ಎರಡಕ್ಕೂ ಮುಂದಿನ ರೆಕ್ಕೆಯ ತುದಿ ಕಪ್ಪು, ಅದರಲ್ಲಿ ಬಿಳಿ ಪಟ್ಟಿ. ಸ್ಟ್ರೈಪ್ಡ್‌ನಲ್ಲಿ ನರಗಳೂ ದಪ್ಪ ಕಪ್ಪು. ಇವು ದಾಯಾದಿಗಳು, ಹೋಲಿಕೆಯಲ್ಲಿ ರಕ್ತದ ಪಾಲೂ ಇದೆ. ಮೊದಲನೆಯದರ ಮರಿಹುಳ ಎಕ್ಕದ ಎಲೆ ತಿನ್ನುತ್ತದೆ, ಎರಡನೆಯದರದ್ದು ಎಕ್ಕದ ಕುಟುಂಬದ ಬಳ್ಳಿಗಳನ್ನು. ಒಂದು ಪ್ಲೇನ್ ಟೈಗರ್ ರೆಕ್ಕೆ ಬಿಚ್ಚಿ ಕೂತಾಗ ಲೆನ್ಸ್ ಹತ್ತಿರ ಒಯ್ದೆ. ಹಿಂದಿನ ಎರಡೂ ರೆಕ್ಕೆಗಳ ಅಂಚಿನಲ್ಲಿ ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿ ತುಂಡು ಹೋಗಿತ್ತು. ರೆಕ್ಕೆ ಮಡಚಿ ಕೂತಿದ್ದಾಗ ಯಾವುದೋ ಹಕ್ಕಿ ಕೊಕ್ಕು ಹಾಕಿ ಬಿಟ್ಟಿದೆ. ಈ ಚಿಟ್ಟೆಗಳ ಮೈ ಗಟ್ಟಿ, ಒಂದು ಏಟಿಗೆ ಸಾಯಲ್ಲ. ಇದು ಪಾಠವನ್ನೂ ಹೇಳಿ ಜೀವವನ್ನೂ ಉಳಿಸಿಕೊಂಡಿತ್ತು.

ಅಲ್ಲೇ ಮತ್ತೊಂದು ಪ್ಲೇನ್ ಟೈಗರ್ ಅಂದುಕೊಂಡು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ಹಿಂದಿನ ರೆಕ್ಕೆಯ ನಡುವೆ ಇರಬೇಕಾದ ಕಪ್ಪು ಚುಕ್ಕೆಗಳಿಲ್ಲ. ಮೇಲಂಚಿನಲ್ಲಿ ಒಂದೇ ಒಂದು. ಡನಾಯ್ಡ್ ಎಗ್‌ಫ್ಲೈ ಅನ್ನೋ ಬೇರೆ ಚಿಟ್ಟೆಯ ಹೆಣ್ಣು, ಬೇಟ್ಸ್ ಹೇಳಿದ ಮೋಸಗಾತಿ! ಅದರ ಮರಿ ತಿನ್ನೋದು ನಾವೂ ಪಲ್ಯ ಮಾಡೋ ಗೋಣಿ ಸೊಪ್ಪನ್ನು, ವಿಷ ಎಲ್ಲಿಂದ ಬರಬೇಕು? ಇಂಥವು ಜಾಸ್ತಿಯಾದರೆ ಹಕ್ಕಿಗೆ ಆ ಬಣ್ಣದಲ್ಲಿ ರುಚಿ ಸಿಗತೊಡಗುತ್ತದೆ, ಆಗ ಕಹಿ ಚಿಟ್ಟೆಗೂ ನಷ್ಟ. ಮುಲ್ಲರ್‌ನ ಗುಂಪಿನಲ್ಲಿ ಹಾಗಲ್ಲ. ಹೊಸಬ ಬಂದಷ್ಟೂ ಎಲ್ಲರಿಗೂ ಒಳ್ಳೆಯದು. ಈ ವ್ಯತ್ಯಾಸ ನನಗೆ ಎಲ್ಲಕ್ಕಿಂತ ಹಿಡಿಸಿತು.

ಸಂಜೆ ಮಾವ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಸೀಮೆಎಣ್ಣೆ ಬೆರೆಸಿದ ನೀರಿನ ಬಕೆಟ್ ಹಿಡಿದು ಸಾಲಿಗೆ ಇಳಿದರು. ಹೂವಿನ ಹುಳಗಳನ್ನು ಒಂದೊಂದಾಗಿ ಅದರೊಳಗೆ ಕೆಡವುತ್ತಿದ್ದರು. ಈ ದುಂಬಿಯ ಮರಿಗಳು ಮಣ್ಣಿನಲ್ಲಿ ಮಿಡತೆಯ ಮೊಟ್ಟೆ ತಿನ್ನುತ್ತವೆ, ಅಷ್ಟರಮಟ್ಟಿಗೆ ರೈತನಿಗೆ ಉಪಕಾರಿ ಅಂತ ತಡೆಯಲಾರದೆ ಹೇಳಿದೆ.

‘ಮರಿ ಇದ್ದಾಗ ಉಪಕಾರ ಮಾಡಿ ದೊಡ್ಡವಾದ ಮ್ಯಾಲ ನನ್ನ ಹೂವಾ ತಿಂದ್ರ ಏನ್ ಮಾಡ್ಲಿ ತಮ್ಮಾ? ಆ ಬಕೆಟ್ ಈ ಕಡೆ ಸರಸು’ ಅಂದರು.