ಮಿಸ್ತ್ರಾಸ್‌ಗೆ ಹೋದರೆ ಮೇಲಿನ ಗೇಟಿನಿಂದಲೇ ಶುರು ಮಾಡಿ

ಗ್ರೀಸ್‌ನ ಮಿಸ್ತ್ರಾಸ್ ಬೆಟ್ಟದ ಇಳಿಜಾರಿನಲ್ಲಿರುವ ಹಳೆಯ ಪಾಳು ಊರು. ಅದಕ್ಕೆ ಎರಡು ಗೇಟುಗಳಿವೆ. ಬೆಟ್ಟದ ಮೇಲೊಂದು, ಕೆಳಗೊಂದು. ಹತ್ತಿರದ ಪಟ್ಟಣ ಸ್ಪಾರ್ಟಾದಿಂದ ಟ್ಯಾಕ್ಸಿ ಹಿಡಿದು ಮೇಲಿನ ಗೇಟಿಗೇ ಹೋಗಿ. ಮೊದಲು ಕೋಟೆ ಹತ್ತಿಬಿಡಿ, ಆಮೇಲೆ ಇಳಿಯುತ್ತಾ ಉಳಿದದ್ದನ್ನು ನೋಡಿ. ಉಸಿರು ಉಳಿಯುತ್ತದೆ, ಮಂಡಿಯ ಮಾತು ಬೇರೆ! ಕಲ್ಲುದಾರಿ ನುಣುಪು, ಚಪ್ಪಲಿ ಬೇಡ. ಬೇಸಿಗೆಯಲ್ಲಿ ಬೆಳಗ್ಗೆಯೇ ಹೋಗಿ, ನೀರು ಜಾಸ್ತಿ ಇಟ್ಟುಕೊಳ್ಳಿ.

ಅಥೆನ್ಸ್‌ನ ಕಿಫಿಸೋಸ್ ಬಸ್ ನಿಲ್ದಾಣದಿಂದ ಸ್ಪಾರ್ಟಾಕ್ಕೆ ಬಸ್ಸುಗಳಿವೆ. ರಾತ್ರಿ ಸ್ಪಾರ್ಟಾದಲ್ಲೇ ಉಳಿಯುವುದು ಒಳ್ಳೆಯದು.

ಸುಮ್ನೆ ಪಾಳುಗೋಡೆ ಅಂತ ನೋಡಿದರೆ ಬೇಗ ಬೇಜಾರಾಗುತ್ತದೆ. ಬೈಜಾಂಟಿಯಂ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯ, ಆಳಿದ ಕೊನೆಯ ಮನೆತನ ಪಾಲಿಯೊಲೊಗೊಸ್‌ನ ಕತೆ ಸ್ವಲ್ಪ ತಿಳಿದು ಹೋಗಿ. ಇಲ್ಲಿನ ಕೋಟೆಯನ್ನು 1249ರಲ್ಲಿ ಕಟ್ಟಿಸಿದ್ದು ವಿಲಿಯಂ ಎಂಬ ಫ್ರಾಂಕ್ ದೊರೆ. 1259ರಲ್ಲಿ ಪೆಲಗೋನಿಯಾ ಯುದ್ಧದಲ್ಲಿ ಸೋತು ಸೆರೆಸಿಕ್ಕ. ಬಿಡುಗಡೆಗಾಗಿ ಈ ಕೋಟೆಯನ್ನೂ ಸೇರಿಸಿ ಕೆಲವು ಕೋಟೆಗಳನ್ನು ಪಾಲಿಯೊಲೊಗೊಸ್ ಮನೆತನದ ಚಕ್ರವರ್ತಿ ಎಂಟನೇ ಮೈಕೇಲ್‌ಗೆ ಕೊಡಬೇಕಾಯಿತು. ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲನ್ನು (ಇಂದಿನ ಇಸ್ತಾಂಬುಲ್) 1261ರಲ್ಲಿ ಮರಳಿ ಪಡೆದವನೂ ಇದೇ ಮೈಕೇಲ್. ಮುಂದೆ ರಾಜಕುಮಾರರು ಇಲ್ಲಿಗೆ ಬಂದು ಆಳತೊಡಗಿದರು.

ಕೆಳಗಿನ ಸಂತ ಡಿಮಿಟ್ರಿಯೋಸ್ ಚರ್ಚಿನಲ್ಲಿ ನೆಲ ನೋಡಿಕೊಂಡು ನಡೆಯಿರಿ. ಎರಡು ತಲೆಯ ಹದ್ದು ಕೆತ್ತಿದ ಕಲ್ಲು ಅಲ್ಲಿದೆ. ಬೈಜಾಂಟಿಯಂನ ಕೊನೆಯ ಚಕ್ರವರ್ತಿ ಹನ್ನೊಂದನೇ ಕಾನ್‌ಸ್ಟಾಂಟೈನ್ ಇದರ ಮೇಲೆ ನಿಂತೇ ಚಕ್ರವರ್ತಿಯಾದ ಎಂದು ಹೇಳುತ್ತಾರೆ. 1449ರ ಜನವರಿ 6ರಂದು ಅವನು ಚಕ್ರವರ್ತಿಯಾದದ್ದು ಮಿಸ್ತ್ರಾಸ್‌ನಲ್ಲಿ ಎಂಬುದು ನಿಜ. ಇದೇ ಕಲ್ಲು ಎಂಬುದನ್ನು ಮಾತ್ರ ನಾನು ಊರಿನವರ ನಂಬಿಕೆ ಎಂದಷ್ಟೇ ಇಟ್ಟುಕೊಂಡೆ. 1453ರ ಮೇ 29ರಂದು ರಾಜಧಾನಿ ತುರ್ಕರ ಕೈಗೆ ಬಿದ್ದಾಗ ಅವನೂ ಹೋರಾಡುತ್ತಲೇ ಸತ್ತ. ಇತ್ತ ಅವನ ತಮ್ಮಂದಿರಾದ ತೋಮಸ್, ಡಿಮಿಟ್ರಿಯೋಸ್ ಆಮೇಲೂ ಕಚ್ಚಾಡುತ್ತಿದ್ದರು. 1460ರಲ್ಲಿ ಡಿಮಿಟ್ರಿಯೋಸ್ ಊರನ್ನು ತುರ್ಕರ ಸುಲ್ತಾನ ಎರಡನೇ ಮೆಹ್ಮದ್‌ಗೆ ಒಪ್ಪಿಸಿದ. ದಾಯಾದಿ ಜಗಳಕ್ಕೆ ದೇಶ ಯಾವುದಾದರೇನು, ಅಲ್ವಾ?

ಸಮಯ ಕಡಿಮೆಯಿದ್ದರೆ ಅರಮನೆಯ ಮುಂದೆ ಹೆಚ್ಚು ಹೊತ್ತು ನಿಲ್ಲಬೇಡಿ. ಪೆರಿವ್ಲೆಪ್ಟೋಸ್ ಚರ್ಚಿನ ಗೋಡೆಚಿತ್ರಗಳಿಗೆ ಆ ಸಮಯ ಕೊಡಿ. ಒಳಗೆ ಮಬ್ಬುಗತ್ತಲೆ, ಕಣ್ಣು ಹೊಂದಿಕೊಳ್ಳುವವರೆಗೆ ಕಾಯಿರಿ, ಫ್ಲ್ಯಾಶ್ ಹಾಕಬೇಡಿ. ಪಾಂತಾನಾಸಾ ಮಠದಲ್ಲಿ ಸನ್ಯಾಸಿನಿಯರು ಈಗಲೂ ವಾಸವಿದ್ದಾರೆ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ.

ಊಟ, ತಿಂಡಿ ಕೆಳಗಿನ ಹಳ್ಳಿಯಲ್ಲಿ ಸಿಗುತ್ತದೆ. ಸಸ್ಯಾಹಾರಿಗಳಿಗೆ ಗ್ರೀಕ್ ಸಲಾಡ್, ಬೇಯಿಸಿದ ಬೀನ್ಸ್ ಸಾಕು. ವಾಪಸ್ ಬಸ್ ಎಷ್ಟು ಹೊತ್ತಿಗೆ ಎಂದು ಬೆಳಗ್ಗೆಯೇ ಕೇಳಿಕೊಳ್ಳಿ, ಸ್ಪಾರ್ಟಾಕ್ಕೆ ಬಸ್ಸುಗಳು ಕಡಿಮೆ.