ಚೀಲ ನಿನ್ನ ಹತ್ತಿರವೇ ಇತ್ತಲ್ಲ, ಅಪ್ಪ?

ಕಳೆದ ವಾರ ಲಂಡನ್ನಿನಿಂದ ಮನೆಗೆ ಮರಳುವ ಸಂಜೆಯ ರೈಲಿನಲ್ಲಿ ಎದುರು ಕುಳಿತಿದ್ದ ಮಹಿಳೆಯೊಬ್ಬರು ನನ್ನ ಗಡ್ಡವನ್ನೂ ಕಾಲಬುಡದಲ್ಲಿದ್ದ ದೊಡ್ಡ ಬೆನ್ನುಚೀಲವನ್ನೂ ಮತ್ತೆ ಮತ್ತೆ ನೋಡಿ, ಮಾತಿಲ್ಲದೆ ಎದ್ದು ಮುಂದಿನ ಬೋಗಿಗೆ ಹೋದರು. ಮನಸ್ಸಿಗೆ ಬಹಳ ನೋವಾಯಿತು. ಜೊತೆಗಿದ್ದ ಮಗಳು ಗಮನಿಸಿರಲಾರಳು ಎಂದುಕೊಂಡಿದ್ದೆ, ಆದರೆ ನಿಲ್ದಾಣದಿಂದ ನಡೆದು ಬರುವಾಗ ಅವಳೇ ಕೇಳಿದಳು: “ಚೀಲ ನಿನ್ನ ಹತ್ತಿರವೇ ಇತ್ತಲ್ಲ, ಅಪ್ಪ? ಅವರಿಗೆ ಭಯವಾಗಿದ್ದರೆ ಯಾರಿಗಾದರೂ ಹೇಳಬೇಕಿತ್ತು. ನಮ್ಮನ್ನೆಲ್ಲ ಅಲ್ಲೇ ಬಿಟ್ಟು ಯಾಕೆ ಹೋದರು?”

ಏನಾದರೂ ಸರಿಯಿಲ್ಲವೆನಿಸಿದರೆ ಸಿಬ್ಬಂದಿಗೆ ತಿಳಿಸಿ, ಇಲ್ಲವೇ ರೈಲ್ವೆ ಪೊಲೀಸರ 61016 ಸಂಖ್ಯೆಗೆ ಸಂದೇಶ ಕಳುಹಿಸಿ ಎಂಬ ಪ್ರಕಟಣೆಯನ್ನು ಇಲ್ಲಿನ ರೈಲುಗಳಲ್ಲಿ ಕೇಳಿ ಕೇಳಿ ಬೆಳೆದ ಮಗುವಿನ ಪ್ರಶ್ನೆ ಅದು. ಆ ಮಹಿಳೆಗೆ ನನ್ನ ಮೇಲೆ ನಿಜವಾಗಿಯೂ ಅನುಮಾನವಿದ್ದರೆ, ಉಳಿದ ಪ್ರಯಾಣಿಕರನ್ನು ಅಪಾಯದಲ್ಲಿ ಬಿಟ್ಟು ಹೋದಂತಾಯಿತು; ಇಲ್ಲದಿದ್ದರೆ ಏಳಲು ನನ್ನ ಮುಖದ ಹೊರತು ಬೇರೆ ಕಾರಣವಿರಲಿಲ್ಲ.

2017ರ ಮೇ 22ರ ರಾತ್ರಿ ಮ್ಯಾಂಚೆಸ್ಟರ್ ಅರೇನಾ ಎಂಬ ಸಭಾಂಗಣದಲ್ಲಿ, ಸಂಗೀತ ಕಾರ್ಯಕ್ರಮಕ್ಕೆ ಹೋಗಿದ್ದ ಮಕ್ಕಳನ್ನು ಕರೆದೊಯ್ಯಲು ಬಂದಿದ್ದ ಒಬ್ಬರು ನಡೆದುಕೊಂಡ ರೀತಿಯೇ ಬೇರೆ. ಭಾರಿ ಚೀಲದೊಂದಿಗೆ ಮರೆಯಲ್ಲಿ ಕುಳಿತಿದ್ದ ಯುವಕನ ಬಳಿಗೆ ಹೋಗಿ ಅವರು ನೇರವಾಗಿ ಪ್ರಶ್ನಿಸಿದರು. ಉತ್ತರ ಸಮಾಧಾನ ತರದಿದ್ದಾಗ ಅಲ್ಲಿನ ಸಿಬ್ಬಂದಿಗೆ ತಿಳಿಸಿದರು. ಆಗ ಆ ಯುವಕನ ಚೀಲದಲ್ಲಿದ್ದ ಬಾಂಬು ಸಿಡಿಯಲು ಸುಮಾರು ಕಾಲು ಗಂಟೆ ಬಾಕಿಯಿತ್ತು. ಅವರ ಮಾತನ್ನು ಪರಿಗಣಿಸಬೇಕಾದಷ್ಟು ಗಂಭೀರವಾಗಿ ಪರಿಗಣಿಸಲಿಲ್ಲ. ಜನಾಂಗದ್ವೇಷಿ ಎನಿಸಿಕೊಂಡೇನೆಂಬ ಭಯದಿಂದ ಹಿಂಜರಿದೆ ಎಂದು ಕಾವಲಿನಲ್ಲಿದ್ದ ಹುಡುಗನೊಬ್ಬ ನಂತರ ಹೇಳಿದ್ದು ವಿಚಾರಣೆಯಲ್ಲಿ ದಾಖಲಾಗಿದೆ. ಸತ್ತವರು 22 ಮಂದಿ. ನನ್ನಂಥವರಿಗೆ ಇದು ಓದಲು ಕಷ್ಟವಾಗುವ ಸಂಗತಿ, ಆದರೂ ಓದಬೇಕು. ಮುಖ ನೋಡಿ ಅನುಮಾನಿಸುವ ಸಮಾಜದಲ್ಲಿ ವರ್ತನೆ ನೋಡಿ ಅನುಮಾನಿಸಬೇಕಾದವನೂ ಬಾಯಿ ಮುಚ್ಚಿಕೊಳ್ಳುತ್ತಾನೆ.

2010ರ ಮೇ 1ರಂದು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಹೊಗೆಯಾಡುತ್ತಿದ್ದ ಕಾರನ್ನು ಗಮನಿಸಿದವರು ಬೀದಿ ವ್ಯಾಪಾರಿಗಳು. ಅವರು ಹೇಳಿದ್ದನ್ನು ಕುದುರೆಯೇರಿ ಗಸ್ತಿನಲ್ಲಿದ್ದ ಪೊಲೀಸ್ ಅಧಿಕಾರಿ ತಕ್ಷಣ ನಂಬಿ ಜನರನ್ನು ತೆರವುಗೊಳಿಸಿದರು. ಕಾರಿನೊಳಗಿದ್ದ ಬಾಂಬು ಸರಿಯಾಗಿ ಸಿಡಿಯದಿದ್ದದ್ದು ಅದೃಷ್ಟ. ಆದರೆ ವ್ಯಾಪಾರಿಯ ಮಾತಿಗೆ ಅಲ್ಲಿ ಬೆಲೆ ಸಿಕ್ಕಿದ್ದು ಅದೃಷ್ಟದಿಂದಲ್ಲ.

ನಮ್ಮ ಭಾರತದಲ್ಲಿ? ನಾನು ಚಿಕ್ಕವನಾಗಿದ್ದಾಗ ನಮ್ಮ ತಂದೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಕೆಳಗೆ ವಾರಸುದಾರರಿಲ್ಲದ ಸೂಟ್‌ಕೇಸ್ ಕಂಡು ಠಾಣೆಗೆ ತಿಳಿಸಿದ್ದರು. ಅದರೊಳಗಿದ್ದದ್ದು ಹಳೆಯ ಬಟ್ಟೆ. ಆದರೆ ನಿಮಗೇ ಯಾಕೆ ಕಂಡಿತು, ಅಲ್ಲೇನು ಮಾಡುತ್ತಿದ್ದಿರಿ ಎಂಬ ಪ್ರಶ್ನೆಗಳಿಗೆ ಉತ್ತರಿಸುತ್ತ ಅವರು ರಾತ್ರಿಯವರೆಗೆ ಅಲ್ಲಿಯೇ ಕುಳಿತಿರಬೇಕಾಯಿತು. ಮನೆಗೆ ಬಂದು, ಇನ್ನು ಮುಂದೆ ಈ ಉಸಾಬರಿ ಬೇಡ ಎಂದವರು ಆ ಮಾತನ್ನು ಹಾಗೆಯೇ ಪಾಲಿಸಿದರು. ಇಂದಿಗೂ ನಮ್ಮ ಊರುಗಳಲ್ಲಿ ಬಾಡಿಗೆಗೆ ಮನೆ ಕೇಳಿ ಬಂದವನ ಹೆಸರು, ಜಾತಿ, ಧರ್ಮ ವಿಚಾರಿಸಿ ಬಾಗಿಲು ಮುಚ್ಚುವುದನ್ನೇ ಎಚ್ಚರಿಕೆ ಎಂದುಕೊಂಡವರು ಬಹಳ ಮಂದಿ. ಅವನ ಗುರುತಿನ ಚೀಟಿಯ ಪ್ರತಿಯನ್ನು ಠಾಣೆಗೆ ಕೊಡುವವರು ಕಡಿಮೆ.

ಮ್ಯಾಂಚೆಸ್ಟರಿನಲ್ಲಿ ಮಗ ಮಾರ್ಟಿನ್‌ನನ್ನು ಕಳೆದುಕೊಂಡ ಫೀಗನ್ ಮರ್ರೆ ಎಂಬ ತಾಯಿ ವರ್ಷಗಟ್ಟಲೆ ಹೋರಾಡಿದ ಫಲವಾಗಿ ಇಲ್ಲಿ ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಲ್ಲಿ ಒಂದು ಕಾಯ್ದೆ ಬಂದಿದೆ. ಅದು ಪೂರ್ಣವಾಗಿ ಜಾರಿಯಾದ ಮೇಲೆ, 200 ಅಥವಾ ಹೆಚ್ಚು ಜನ ಸೇರುವ ಸಾರ್ವಜನಿಕ ಸ್ಥಳಗಳನ್ನು ನಡೆಸುವವರು ದಾಳಿಯಾದರೆ ಜನರನ್ನು ಹೇಗೆ ಹೊರಗೆ ಕಳುಹಿಸಬೇಕು, ಹೇಗೆ ಒಳಗೇ ಕಾಪಾಡಬೇಕು ಎಂಬುದನ್ನು ಮೊದಲೇ ನಿರ್ಧರಿಸಿಟ್ಟಿರಬೇಕು. ನಮ್ಮ ಕಲ್ಯಾಣ ಮಂಟಪಗಳಿಗೂ ಜಾತ್ರೆಗಳಿಗೂ ಇಂಥದ್ದು ಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಸಿಡಿದದ್ದು, ಗ್ರಾಹಕನಂತೆ ಬಂದವನು ಬಿಟ್ಟುಹೋದ ಚೀಲ. ಆ ಬಳಿಕ ರಾಷ್ಟ್ರೀಯ ತನಿಖಾ ಸಂಸ್ಥೆಯು ಸುಳಿವು ಕೊಟ್ಟವರಿಗೆ 10 ಲಕ್ಷ ರೂಪಾಯಿ ಬಹುಮಾನ ಘೋಷಿಸಿ, ಅವರ ಹೆಸರನ್ನು ಗೋಪ್ಯವಾಗಿಡುವ ಭರವಸೆಯನ್ನೂ ಕೊಟ್ಟಿತು. ಬಹುಮಾನದ ಮಾತು ಹಾಗಿರಲಿ, ಆ ಭರವಸೆಯನ್ನು ಸ್ಫೋಟಕ್ಕೆ ಮೊದಲೇ, 112ಕ್ಕೆ ಕರೆ ಮಾಡುವ ಪ್ರತಿಯೊಬ್ಬ ಪ್ರಯಾಣಿಕನಿಗೂ ಪ್ರತಿಯೊಬ್ಬ ಹೋಟೆಲ್ ಮಾಣಿಗೂ ನಮ್ಮ ಪೊಲೀಸ್ ಠಾಣೆಗಳು ಕೊಡುವಂತಾಗಬೇಕು.