ಕಣಕಾಲಿನ ಕಪ್ಪು ಕಲೆಯ ಮೂಲ ಚರ್ಮದಲ್ಲಿಲ್ಲ

ಕಾಲಿನ ಹರಡಿನ, ಅಂದರೆ ಕಣಕಾಲಿನ, ಒಳಬದಿಯ ಚರ್ಮ ಕಂದುಬಣ್ಣಕ್ಕೆ ತಿರುಗಿ, ಸಂಜೆಯ ಹೊತ್ತಿಗೆ ಪಾದ ಊದಿಕೊಂಡು, ರಾತ್ರಿ ತುರಿಕೆ ಕಾಡತೊಡಗಿದಾಗ ನಮ್ಮಲ್ಲಿ ಹೆಚ್ಚಿನವರು ಮೊದಲು ಹೋಗುವುದು ಔಷಧಿ ಅಂಗಡಿಗೆ. ಅಲ್ಲಿ ಕೊಟ್ಟ ಮುಲಾಮಿನಿಂದ ತುರಿಕೆ ಕೆಲವು ದಿನ ತಗ್ಗುತ್ತದೆ, ಮತ್ತೆ ಮರುಕಳಿಸುತ್ತದೆ. ಹೋಟೆಲಿನ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತೇ ದುಡಿದ ನನ್ನ ಚಿಕ್ಕಪ್ಪನವರು ಹೀಗೆ ವರ್ಷಗಟ್ಟಲೆ ಮುಲಾಮು ಬದಲಿಸುತ್ತಲೇ ಇದ್ದರು. ಆ ಕಲೆಯ ಮೂಲ ಚರ್ಮದಲ್ಲಿಲ್ಲ, ಅದರ ಕೆಳಗಿನ ಅಭಿಧಮನಿಗಳಲ್ಲಿ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳಲ್ಲಿ, ಇದೆ ಎಂಬ ಮಾತು ಅವರ ಕಿವಿಗೆ ಬಿದ್ದದ್ದು ಬಹಳ ತಡವಾಗಿ.

ಕಾಲಿನ ರಕ್ತ ಗುರುತ್ವಾಕರ್ಷಣೆಗೆ ಎದುರಾಗಿ ಹೃದಯದವರೆಗೆ ಏರಬೇಕು. ನಡೆಯುವಾಗ ಮೀನಖಂಡದ ಸ್ನಾಯುಗಳು ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ; ಅದು ಮರಳಿ ಇಳಿಯದಂತೆ ಒಳಗಿನ ಪುಟ್ಟ ಕವಾಟಗಳು ತಡೆಯುತ್ತವೆ. ಅಲುಗಾಡದೆ ನಿಂತವರ ಹರಡಿನ ಬಳಿ ಅಭಿಧಮನಿಯ ಒತ್ತಡ ಸುಮಾರು 80ರಿಂದ 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಆರೋಗ್ಯವಂತರಲ್ಲಿ ನಡೆಯತೊಡಗಿದೊಡನೆ ಅದು 30ಕ್ಕಿಂತ ಕೆಳಗಿಳಿಯುತ್ತದೆ. ಕವಾಟಗಳು ಹಾಳಾದವರಲ್ಲಿ ನಡೆದರೂ ಅಷ್ಟು ಇಳಿಯುವುದಿಲ್ಲ. ಆ ಒತ್ತಡಕ್ಕೆ ಸೂಕ್ಷ್ಮ ರಕ್ತನಾಳಗಳಿಂದ ನೀರಿನಂಶವೂ ಕೆಂಪು ರಕ್ತಕಣಗಳೂ ಸುತ್ತಲಿನ ಅಂಗಾಂಶಕ್ಕೆ ಸೋರುತ್ತವೆ, ಕಣಗಳು ಒಡೆದು ಅವುಗಳಲ್ಲಿದ್ದ ಕಬ್ಬಿಣ ಅಲ್ಲೇ ಉಳಿಯುತ್ತದೆ. ನಾವು ಕಾಣುವ ಕಂದು ಕಲೆ ಬಹುಮಟ್ಟಿಗೆ ಈ ಕಬ್ಬಿಣದ ಗುರುತು. ಸೋಪು ಹಾಕಿ ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ.

ಹಾಗೆಯೇ ಬಿಟ್ಟರೆ ಚರ್ಮ ಒಣಗಿ, ಹೊಟ್ಟೆದ್ದು, ಇಸುಬಾಗಿ ನೀರಾಡುತ್ತದೆ. ಮುಂದೆ ಚರ್ಮದಡಿಯ ಕೊಬ್ಬು ಉರಿಯೂತದಿಂದ ಗಟ್ಟಿಯಾಗಿ, ಹರಡಿನ ಮೇಲ್ಭಾಗ ಬಿಗಿದು ಸಣ್ಣಗಾಗುತ್ತದೆ. ಈ ಹಂತದಲ್ಲಿ ಸಣ್ಣ ಗೀರು ಬಿದ್ದರೂ ಅದು ತಿಂಗಳುಗಟ್ಟಲೆ ಮಾಯದ ಹುಣ್ಣಾಗಬಹುದು. ನಮ್ಮ ಮೈಬಣ್ಣದಲ್ಲಿ ಆರಂಭದ ಕೆಂಪು ಸರಿಯಾಗಿ ಕಾಣಿಸದೆ, ಕಪ್ಪಾದ ಮೇಲೂ ಅದನ್ನು ವಯಸ್ಸಿನ ಲಕ್ಷಣವೆಂದು ತಳ್ಳಿಹಾಕುವುದು ನನಗೆ ಬಹಳ ನೋವಿನ ಸಂಗತಿ.

ಅಂಗಡಿಯ ಮುಲಾಮುಗಳ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಅವುಗಳಲ್ಲಿ ಅನೇಕವು ಪ್ರಬಲ ಸ್ಟೀರಾಯ್ಡ್ ಮತ್ತು ನಿಯೋಮೈಸಿನ್‌ನಂತಹ ಆ್ಯಂಟಿಬಯೋಟಿಕ್ ಔಷಧಿಗಳ ಮಿಶ್ರಣಗಳು. ಸ್ಟೀರಾಯ್ಡನ್ನು ವೈದ್ಯರ ಸಲಹೆಯಂತೆ ಕೆಲವು ದಿನ ಹಚ್ಚುವುದು ಬೇರೆ, ತಿಂಗಳುಗಟ್ಟಲೆ ಹಚ್ಚಿ ಚರ್ಮವನ್ನು ತೆಳುವಾಗಿಸಿಕೊಳ್ಳುವುದು ಬೇರೆ. ಇಂತಹ ಕಾಲಿನ ಚರ್ಮಕ್ಕೆ ನಿಯೋಮೈಸಿನ್ ಒಗ್ಗದೆ ಅಲರ್ಜಿಯಾಗುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಆಗ ಔಷಧಿಯೇ ಇಸುಬನ್ನು ಹೆಚ್ಚಿಸುತ್ತದೆ. ಜ್ವರವಿಲ್ಲದೆ ಎರಡೂ ಕಾಲುಗಳು ಕೆಂಪಾಗಿರುವುದನ್ನು ಸೋಂಕೆಂದು ತಿಳಿದು ಆ್ಯಂಟಿಬಯೋಟಿಕ್ ಕೊಡುವುದೂ ಉಂಟು.

ಅಭಿಧಮನಿಗಳಲ್ಲಿ ರಕ್ತ ಹಿಮ್ಮುಖವಾಗಿ ಹರಿಯುತ್ತಿದೆಯೇ ಎಂಬುದನ್ನು ಶಬ್ದತರಂಗ ಬಳಸುವ ಡಾಪ್ಲರ್ ಸ್ಕ್ಯಾನ್ ನೋವಿಲ್ಲದೆ ತೋರಿಸುತ್ತದೆ. ಕೆಟ್ಟ ಅಭಿಧಮನಿಯನ್ನು ಲೇಸರ್ ಅಥವಾ ರೇಡಿಯೋ ತರಂಗಗಳ ಶಾಖದಿಂದ ಒಳಗಿನಿಂದಲೇ ಮುಚ್ಚುವ ಚಿಕಿತ್ಸೆಗೆ ದೊಡ್ಡ ಗಾಯದ ಅಗತ್ಯವಿಲ್ಲ. ಹುಣ್ಣಾಗಿದ್ದ 450 ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಭಿಧಮನಿಗೆ ಬೇಗನೆ ಚಿಕಿತ್ಸೆ ಪಡೆದವರ ಹುಣ್ಣು ಮಾಯುವ ಮಧ್ಯಾಂಕ ಅವಧಿ (ಅರ್ಧದಷ್ಟು ಜನರ ಹುಣ್ಣು ಮಾಯಲು ಹಿಡಿದ ಕಾಲ) 56 ದಿನಗಳಾಗಿದ್ದರೆ, ಚಿಕಿತ್ಸೆಯನ್ನು ಮುಂದೂಡಿದವರಲ್ಲಿ ಅದು 82 ದಿನಗಳಾಗಿತ್ತು. ಎರಡೂ ಗುಂಪಿನವರಿಗೆ ಕಾಲನ್ನು ಬಿಗಿಯಾಗಿ ಸುತ್ತುವ ಪಟ್ಟಿಯ ಚಿಕಿತ್ಸೆ ಇದ್ದೇ ಇತ್ತು. ಚಿಕಿತ್ಸೆಯ ನಂತರ ತುರಿಕೆ, ಊತ ತಗ್ಗಿದರೂ ಹಳೆಯ ಕಲೆ ಪೂರ್ತಿ ಅಳಿಯುವುದು ಅಪರೂಪ.

ಪಟ್ಟಿಯಂತೆಯೇ ಕಾಲನ್ನು ಬಿಗಿಯಾಗಿ ಹಿಡಿಯುವ ಒತ್ತಡದ ಕಾಲುಚೀಲವನ್ನು ಮಾತ್ರ ಯಾರೂ ತಾವಾಗಿಯೇ ಕೊಂಡು ಹಾಕಿಕೊಳ್ಳಬಾರದು. ಸಕ್ಕರೆ ಕಾಯಿಲೆ ಇರುವವರಲ್ಲಿ ಮತ್ತು ಬೀಡಿ, ಸಿಗರೇಟು ಸೇದುವವರಲ್ಲಿ ಹೃದಯದಿಂದ ಕಾಲಿಗೆ ರಕ್ತ ತರುವ ಅಪಧಮನಿಗಳೂ ಕಿರಿದಾಗಿರುವ ಸಾಧ್ಯತೆ ಹೆಚ್ಚು. ಅಂಥವರಿಗೆ ಬಿಗಿಯಾದ ಚೀಲದಿಂದ ಅಪಾಯವಾಗಬಹುದು. ತೋಳಿನ ಮತ್ತು ಹರಡಿನ ರಕ್ತದೊತ್ತಡವನ್ನು ಹೋಲಿಸಿ ನೋಡಿದ ಮೇಲೆ ವೈದ್ಯರು ಒಪ್ಪಿದರೆ, ಕಾಲು ಊದಿಕೊಳ್ಳುವ ಮುನ್ನ, ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಅದನ್ನು ಧರಿಸಬೇಕು.